ಮನೆಯಿಲ್ಲದವರಿಗೆ ಮಾತ್ರೆ ಕೊಡುವಾಗ

ಪ್ರಶ್ನೆ: ಬೆಂಗಳೂರಿನ ಕಲಾಸಿಪಾಳ್ಯದ ಬಳಿ ಬಹಳ ವರ್ಷಗಳಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ನಾನು ನೋಂದಾಯಿತ ಫಾರ್ಮಸಿಸ್ಟ್. ರಾತ್ರಿ ಎಂಟರ ಮೇಲೆ ಅಂಗಡಿಗೆ ಬರುವವರಲ್ಲಿ ಅನೇಕರು ಫುಟ್‌ಪಾತಿನಲ್ಲೋ ಮುಚ್ಚಿದ ಅಂಗಡಿಗಳ ಜಗಲಿಯಲ್ಲೋ ಮಲಗುವ ಹಮಾಲಿಗಳು, ಚಿಂದಿ ಆಯುವವರು, ರಾಯಚೂರು, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರು. ಅವರ ಹತ್ತಿರ ಚೀಟಿ ಇರುವುದಿಲ್ಲ, ಇದ್ದರೂ ನೆನೆದು ಅಕ್ಷರ ಅಳಿಸಿರುತ್ತದೆ. 'ಒಂದು ಹೊತ್ತಿನ ಮಾತ್ರೆ ಕೊಡಣ್ಣಾ' ಎನ್ನುತ್ತಾರೆ. ಕೊಟ್ಟ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಕಳೆದುಕೊಂಡು ಮತ್ತೆ ಬರುತ್ತಾರೆ. ಇವರಿಗೆ ಏನು ಕೊಡಬೇಕು, ಏನು ಕೊಡಬಾರದು? ಕಳೆದ ತಿಂಗಳು ಒಬ್ಬ ಹಮಾಲಿ ತನ್ನ ಇನ್ಸುಲಿನ್ ಬಾಟಲಿಯನ್ನು ನಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವಿರಾ ಎಂದು ಕೇಳಿದ. ಡ್ರಗ್ ಇನ್‌ಸ್ಪೆಕ್ಟರ್ ಬಂದರೆ ಏನು ಹೇಳುವುದೆಂದು ಹೆದರಿ ಆಗುವುದಿಲ್ಲ ಎಂದುಬಿಟ್ಟೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಉತ್ತರ: ಆ ಹಮಾಲಿಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಏಕೆಂದರೆ ನಿಮ್ಮ ಪ್ರಶ್ನೆಯ ಉಳಿದೆಲ್ಲ ಭಾಗಕ್ಕೂ ಅವನು ಕೇಳಿದ್ದೇ ಉತ್ತರದ ದಾರಿ ತೋರಿಸುತ್ತದೆ. ಔಷಧವನ್ನು ಇಟ್ಟುಕೊಳ್ಳಲು ತನಗೊಂದು ಜಾಗ ಬೇಕೆಂದು ಅವನಿಗೆ ತಿಳಿದಿತ್ತು. ನಮ್ಮ ವೃತ್ತಿಯವರಾದ ನಾವು ಆ ಸಂಗತಿಯನ್ನು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ನಾವು ಕೌಂಟರಿನಲ್ಲಿ ನಿಂತು ದಿನವಿಡೀ ಹೇಳುವ ಮಾತುಗಳನ್ನೇ ನೆನಪಿಸಿಕೊಳ್ಳಿ: ಊಟವಾದ ಮೇಲೆ ತೆಗೆದುಕೊಳ್ಳಿ, ಮಲಗುವ ಮುಂಚೆ ತೆಗೆದುಕೊಳ್ಳಿ, ತಣ್ಣಗಿನ ಜಾಗದಲ್ಲಿಡಿ, ಸ್ನಾನ ಮಾಡಿ ಹಚ್ಚಿಕೊಳ್ಳಿ. ಈ ಪ್ರತಿಯೊಂದು ಮಾತಿನ ಹಿಂದೆಯೂ ಒಂದು ಅಡುಗೆಮನೆ, ಒಂದು ಹಾಸಿಗೆ, ಒಂದು ಬಚ್ಚಲು, ಬೀಗ ಹಾಕುವ ಒಂದು ಬಾಗಿಲು ಇದೆ. ಅವು ಯಾವುವೂ ಇಲ್ಲದವನಿಗೆ ಅದೇ ಮಾತು ಹೇಳಿ ಕಳಿಸಿ, ನಂತರ ಅವನು ಔಷಧವನ್ನು ಸರಿಯಾಗಿ ತೆಗೆದುಕೊಳ್ಳಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಇದನ್ನು ನಾನು ತಡವಾಗಿ ಕಲಿತೆ. ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸಕ್ಕಿದ್ದಾಗ, ಮಾರುಕಟ್ಟೆಯ ಬಳಿ ಮಲಗುತ್ತಿದ್ದ ಮುದುಕರೊಬ್ಬರಿಗೆ ಎಂದಿನಂತೆ 'ದಿನಕ್ಕೆ ಮೂರು ಹೊತ್ತು, ಊಟವಾದ ಮೇಲೆ' ಎಂದು ಹೇಳಿ ಪೊಟ್ಟಣ ಕೊಟ್ಟೆ. ಅವರು ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ, 'ಊಟ ಒಂದೇ ಹೊತ್ತು ಸ್ವಾಮಿ, ಮಾತ್ರೆ ಮೂರು ಹೊತ್ತು ಹೆಂಗೆ ತಗೊಳ್ಳಲಿ?' ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಔಷಧ ಕೊಡುವ ಮುಂಚೆ ನಾಲ್ಕು ವಿಷಯ ಕೇಳುವುದನ್ನು ರೂಢಿ ಮಾಡಿಕೊಂಡೆ. ಈ ರಾತ್ರಿ ಎಲ್ಲಿ ಮಲಗುತ್ತೀರಿ, ನಾಳೆ ಊಟ ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತದೆ, ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ, ಈ ಮಾತ್ರೆಯನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ. ಇದಕ್ಕೆ ಎರಡು ನಿಮಿಷ ಸಾಕು, ಮತ್ತು ಹೆಚ್ಚಿನ ತಪ್ಪುಗಳು ಅಲ್ಲೇ ತಪ್ಪುತ್ತವೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯು ರೋಗಿಗೆ ತಿಳಿವಳಿಕೆ ಹೇಳುವುದನ್ನು ನೋಂದಾಯಿತ ಫಾರ್ಮಸಿಸ್ಟನ ಕರ್ತವ್ಯವೆಂದೇ ಗುರುತಿಸಿದೆ. ಆದ್ದರಿಂದ ಇದನ್ನು ದಾನವೆಂದು ಭಾವಿಸಬೇಡಿ, ಇದು ನಮ್ಮ ಕೆಲಸವೇ.

ಈಗ 'ಒಂದು ಹೊತ್ತಿನ ಮಾತ್ರೆ'ಯ ವಿಷಯ. ನಮ್ಮ ಅನೇಕ ಅಂಗಡಿಗಳಲ್ಲಿ ಇದಕ್ಕೆ ಒಂದು ಸಿದ್ಧ ಪೊಟ್ಟಣವಿರುತ್ತದೆ: ಒಂದು ನೋವಿನ ಮಾತ್ರೆ, ಬಹುಪಾಲು ಡೈಕ್ಲೋಫೆನಾಕ್, ಅದರ ಜೊತೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ, ಕೆಲವೆಡೆ ಡೆಕ್ಸಾಮೆಥಾಸೋನ್‌ನಂಥ ಒಂದು ಸ್ಟೀರಾಯ್ಡ್. ಬೆಳಗಿನ ಹೊತ್ತಿಗೆ ನೋವು ಮಾಯವಾಗಿ ಮೂಟೆ ಹೊರಲು ಸಾಧ್ಯವಾಗುವುದರಿಂದ ಅವರು ಅದನ್ನೇ ಮತ್ತೆ ಕೇಳುತ್ತಾರೆ. ಆದರೆ ಬಿಸಿಲಿನಲ್ಲಿ ಬೆವರು ಸುರಿಸಿ, ಸಾಕಷ್ಟು ನೀರು ಕುಡಿಯದೆ, ಅರೆಹೊಟ್ಟೆಯಲ್ಲಿರುವ, ರಾತ್ರಿ ಸ್ವಲ್ಪ ಕುಡಿಯುವ ಅಭ್ಯಾಸವೂ ಇರುವ ದೇಹದಲ್ಲಿ ಡೈಕ್ಲೋಫೆನಾಕ್ ಜಠರದಲ್ಲಿ ಹುಣ್ಣು ಮತ್ತು ರಕ್ತಸ್ರಾವ ಉಂಟುಮಾಡುವ, ಮೂತ್ರಪಿಂಡವನ್ನು ಕೆಡಿಸುವ ಸಂಭವ ಬಹಳ ಹೆಚ್ಚು. ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರುತ್ತದೆ, ಸೋಂಕುಗಳು ಮರೆಯಾಗಿ ಒಳಗೇ ಬೆಳೆಯುತ್ತವೆ, ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಆ ಪೊಟ್ಟಣವನ್ನು ನೀವು ಇಂದೇ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಿ. ನಿತ್ಯ ಕುಡಿಯುವವರಿಗೆ ದಿನಕ್ಕೆ ಎರಡು ಗ್ರಾಂ, ಅಂದರೆ 500 ಮಿಲಿಗ್ರಾಂನ ನಾಲ್ಕು ಮಾತ್ರೆ ಮೀರಬಾರದೆಂದು ಹೇಳಿ. ಜೊತೆಗೆ ಒಂದು ಓಆರ್‌ಎಸ್ ಪೊಟ್ಟಣವನ್ನೂ ನೀರನ್ನೂ ಕೊಟ್ಟು ನೋಡಿ, ಆ ಮೈಕೈ ನೋವಿನಲ್ಲಿ ಎಷ್ಟೋ ಪಾಲು ನೀರಿಲ್ಲದ ನೋವಾಗಿರುತ್ತದೆ.

ಕೆಮ್ಮಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಎರಡು ವಾರ ಮೀರಿದ ಕೆಮ್ಮಿನವರಿಗೆ ಚೀಟಿಯಿಲ್ಲದೆ ಲೀವೊಫ್ಲಾಕ್ಸಾಸಿನ್ ಅಥವಾ ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟರೆ ಕ್ಷಯವಿದ್ದವರಿಗೂ ಕೆಲವು ದಿನ ಹಗುರವೆನಿಸುತ್ತದೆ, ರೋಗ ಗುರುತಾಗುವುದು ತಿಂಗಳುಗಳಷ್ಟು ತಡವಾಗುತ್ತದೆ, ಅಷ್ಟರಲ್ಲಿ ಆ ಔಷಧಕ್ಕೆ ಬಗ್ಗದ ಕ್ಷಯ ಬೆಳೆದಿರುತ್ತದೆ, ಪಕ್ಕದಲ್ಲಿ ಮಲಗಿದ ಹತ್ತು ಜನರಿಗೆ ಹರಡಿಯೂ ಇರುತ್ತದೆ. ಅಂಥವರನ್ನು ಕಫ ಪರೀಕ್ಷೆಗೆ ಕಳಿಸಿ. ನಿಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ, ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಕ್ಷಯದ ಔಷಧವನ್ನು ಈಗ ತೂಕಕ್ಕೆ ತಕ್ಕಂತೆ ದಿನಕ್ಕೆ ಇಷ್ಟು ಮಾತ್ರೆ ಎಂದು ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಕ್ಷಯ ರೋಗಿಗಳ ಸರ್ಕಾರಿ ನೋಂದಣಿಯ ನಿಕ್ಷಯ್ ಸಂಖ್ಯೆ ಒಮ್ಮೆ ಸಿಕ್ಕರೆ ಆ ವ್ಯಕ್ತಿ ಸುಗ್ಗಿಗೆ ಊರಿಗೆ ಹೋದರೂ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಮುಂದುವರಿಸಬಹುದು. ಇದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ, ನೀವು ಹೇಳಿ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನೆರವನ್ನು 2024ರ ನವೆಂಬರಿನಿಂದ ತಿಂಗಳಿಗೆ 500 ರೂಪಾಯಿಯಿಂದ 1000 ರೂಪಾಯಿಗೆ ಏರಿಸಲಾಗಿದೆ. ಆದರೆ ಆ ಹಣ ಬ್ಯಾಂಕ್ ಖಾತೆಗೆ ಬರುವುದರಿಂದ, ಖಾತೆಯೂ ದಾಖಲೆಯೂ ಇಲ್ಲದ ಫುಟ್‌ಪಾತಿನ ರೋಗಿಗೆ, ಅಂದರೆ ಎಲ್ಲರಿಗಿಂತ ಹೆಚ್ಚು ಹಸಿದಿರುವವನಿಗೆ, ಅದು ತಲುಪುವುದು ಕಷ್ಟ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ. ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ: ರೋಗಿ ಪ್ರತಿದಿನ ಮಾತ್ರೆ ತೆಗೆದುಕೊಳ್ಳುವಂತೆ ನೋಡಿಕೊಳ್ಳುವ ಚಿಕಿತ್ಸಾ ಸಹಾಯಕರಾಗಿ ಮನೆಯವರಲ್ಲದವರೂ ಇರಬಹುದು, ಚಹಾ ಅಂಗಡಿಯವರೂ ಆಗಬಹುದು, ನೀವೂ ಆಗಬಹುದು.

ಮನೆಯಿದ್ದವರಿಗೆ ಸಾಧಾರಣವಾಗಿ ಕಾಣುವ ಕೆಲವು ಔಷಧಗಳು ಬೀದಿಯಲ್ಲಿ ಬೇರೆಯೇ ರೂಪ ತಾಳುತ್ತವೆ. ಹೂವು ಕಟ್ಟಿ ಮಾರುವ ಒಬ್ಬ ಹೆಂಗಸು, ಹೃದಯದ ದೌರ್ಬಲ್ಯದಿಂದ ಕಾಲು ಊದಿಕೊಂಡವರು, ನನ್ನ ಬಳಿ ಬಂದಾಗ ಫ್ಯೂರೋಸೆಮೈಡ್ ಪಟ್ಟಿಯೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದರು. ಹತ್ತಕ್ಕೆ ಹತ್ತೂ ಮಾತ್ರೆ ಹಾಗೆಯೇ ಇದ್ದವು. ಆಸ್ಪತ್ರೆಯವರು ಅವರನ್ನು ಹಟಮಾರಿ ಎಂದು ಬೈದು ಕಳಿಸಿದ್ದರಂತೆ. ನಿಧಾನವಾಗಿ ಕೇಳಿದಾಗ ಹೊರಬಂದದ್ದು ಇಷ್ಟು: ಅವರು ಸಂಜೆ ಹೂವಿನ ವ್ಯಾಪಾರ ಮುಗಿದ ಮೇಲೆ ಮಾತ್ರೆ ತೆಗೆದುಕೊಳ್ಳಲು ಯತ್ನಿಸಿದ್ದರು. ಅದು ಮೂತ್ರ ಹೆಚ್ಚಿಸುವ ಔಷಧ, ಅದರ ಕೆಲಸ ಸುಮಾರು ಆರು ಗಂಟೆ ನಡೆಯುತ್ತದೆ. ಹತ್ತಿರದ ಶೌಚಾಲಯಕ್ಕೆ ರಾತ್ರಿ ಬೀಗ ಬೀಳುತ್ತದೆ, ಕತ್ತಲಲ್ಲಿ ಹೆಂಗಸೊಬ್ಬರು ಮರೆ ಹುಡುಕಿಕೊಂಡು ಹೋಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವೈದ್ಯರನ್ನು ಕೇಳಿ, ಮಾತ್ರೆಯನ್ನು ಬೆಳಗ್ಗೆ ಶೌಚಾಲಯ ತೆರೆದ ಮೇಲೆ, ಅದರ ಎದುರಿನಲ್ಲೇ ಹೂವು ಕಟ್ಟುತ್ತ ಕೂರುವ ಹೊತ್ತಿಗೆ ಬದಲಿಸಿದೆವು. ಎರಡು ವಾರದಲ್ಲಿ ಕಾಲಿನ ಊತ ಇಳಿಯಿತು. ಔಷಧವೂ ಬದಲಾಗಲಿಲ್ಲ, ಪ್ರಮಾಣವೂ ಬದಲಾಗಲಿಲ್ಲ.

ನಿದ್ದೆ ತರಿಸುವ ಔಷಧಗಳನ್ನೂ ಹೀಗೆಯೇ ನೋಡಬೇಕು. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಬರೆಯುವ ಅಮಿಟ್ರಿಪ್ಟಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್ ಇವೆಲ್ಲ ಗಾಢ ನಿದ್ದೆ ತರುತ್ತವೆ. ಬೀದಿಯಲ್ಲಿ ಮಲಗುವವರು ಅರೆನಿದ್ದೆಯಲ್ಲೇ ತಮ್ಮ ದುಡ್ಡನ್ನೂ ಚೀಲವನ್ನೂ, ಹೆಂಗಸರಾದರೆ ಮೈಯನ್ನೂ ಕಾಯ್ದುಕೊಳ್ಳಬೇಕಾಗುತ್ತದೆ. ಇಂಥ ಮಾತ್ರೆಯನ್ನು ಬಿಟ್ಟವರನ್ನು ಗದರಿಸುವ ಮುಂಚೆ ಅವರು ಎಲ್ಲಿ ಮಲಗುತ್ತಾರೆಂದು ಕೇಳಿ, ನಿದ್ದೆ ತರದ ಬೇರೆ ಔಷಧವಿದ್ದರೆ ವೈದ್ಯರಿಗೆ ಒಂದು ಸಾಲು ಬರೆದು ಕಳಿಸಿ. ರಕ್ತದೊತ್ತಡಕ್ಕೂ ಅಷ್ಟೇ. ಅಮ್ಲೋಡಿಪಿನ್ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಒಂದು ದಿನ ತಪ್ಪಿದರೂ ದೊಡ್ಡ ಅನಾಹುತವಾಗದು, ಆದರೆ ಕ್ಲೋನಿಡಿನ್ ತಟಕ್ಕನೆ ನಿಂತರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ. ಚೀಟಿಯನ್ನು ಬದಲಿಸುವ ಅಧಿಕಾರ ನಮ್ಮಲ್ಲಿ ಫಾರ್ಮಸಿಸ್ಟನಿಗೆ ಇಲ್ಲ. ಬ್ರಿಟನ್ನಿನಲ್ಲಿ ಹೆಚ್ಚಿನ ತರಬೇತಿ ಪಡೆದ ಫಾರ್ಮಸಿಸ್ಟರಿಗೆ ತಾವೇ ಔಷಧ ಬರೆಯುವ ಅಧಿಕಾರವಿದೆ, ಗ್ಲಾಸ್ಗೋ ನಗರದಲ್ಲಿ ಅವರು ಸ್ವಯಂಸೇವಾ ಸಂಸ್ಥೆಗಳವರ ಜೊತೆ ವಸತಿರಹಿತರು ಇರುವಲ್ಲಿಗೇ ಹೋಗಿ ಚಿಕಿತ್ಸೆ ಕೊಡುತ್ತಾರೆ. ನಮಗೆ ಅದು ಸಾಧ್ಯವಿಲ್ಲದಿದ್ದರೂ ವೈದ್ಯರಿಗೆ ಫೋನ್ ಮಾಡುವುದನ್ನು ಯಾವ ಕಾನೂನೂ ತಡೆದಿಲ್ಲ.

ಮಳೆಗಾಲದ ಒಂದು ಸಣ್ಣ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆಸ್ತಮಾಗೆ ಅಗ್ಗವೆಂದು, ಉಸಿರಿನೊಂದಿಗೆ ಒಳಗೆಳೆಯುವ ಪುಡಿಯ ಕ್ಯಾಪ್ಸೂಲುಗಳನ್ನು ಕೊಡುತ್ತೇವೆ. ಅವು ತೇವ ಹೀರಿಕೊಂಡರೆ ಪುಡಿ ಗಂಟು ಕಟ್ಟಿ ಶ್ವಾಸಕೋಶಕ್ಕೆ ಇಳಿಯುವುದೇ ಇಲ್ಲ. ಜಗಲಿಯಲ್ಲಿ ಮಲಗುವವರಿಗೆ ಒತ್ತಿ ಎಳೆಯುವ ಇನ್ಹೇಲರ್ ಕೊಂಚ ದುಬಾರಿಯಾದರೂ ವಾಸಿ. ಯಾವ ಮಾತ್ರೆಯನ್ನೂ ಬಿಡಿಯಾಗಿ ಕಾಗದದ ಪೊಟ್ಟಣದಲ್ಲಿ ಕೊಡಬೇಡಿ. ಪಟ್ಟಿ ಕತ್ತರಿಸುವಾಗ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾದ ತುದಿಯನ್ನು ಕಡೆಯವರೆಗೂ ಉಳಿಸಿಕೊಳ್ಳಿ. ದಪ್ಪ ಕಾರ್ಡಿನ ಮೇಲೆ ಹೆಸರು, ಕಾಯಿಲೆ, ಔಷಧ, ಪ್ರಮಾಣ ಬರೆದು ಜಿಪ್ ಕವರಿನಲ್ಲಿ ಹಾಕಿ ಕೊಡಿ, ಅದನ್ನೇ ನಿಮ್ಮ ನೋಟ್‌ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ. ಮಳೆಯಲ್ಲೋ, ಕಳ್ಳತನದಲ್ಲೋ, ಫುಟ್‌ಪಾತ್ ತೆರವಿನ ದಿನ ಗಂಟುಮೂಟೆ ಲಾರಿಗೆ ಹೋದಾಗಲೋ ಅವರ ಎಲ್ಲ ಕಾಗದಪತ್ರಗಳು ಕಳೆದರೂ ನಿಮ್ಮ ಪುಸ್ತಕದಲ್ಲಿ ಒಂದು ಪ್ರತಿ ಉಳಿದಿರುತ್ತದೆ.

ಬೀದಿನಾಯಿ ಕಚ್ಚಿದವರು ನಿಮ್ಮಲ್ಲಿಗೆ ಬಂದೇ ಬರುತ್ತಾರೆ. ನೆಲದ ಮೇಲೆ ಮಲಗುವವರಿಗೆ ಇದು ನಿತ್ಯದ ಭಯ. ಮುಲಾಮು ಕೊಟ್ಟು ಕಳಿಸಬೇಡಿ. ಅಂಗಡಿಯ ನಲ್ಲಿಯ ಕೆಳಗೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯನ್ನು ಮೊದಲ ದಿನ, ಆ ದಿನವನ್ನು ಸೊನ್ನೆಯೆಂದು ಎಣಿಸಿ ನಂತರ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಹಾಕಿಸಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ, ರೇಬಿಸ್ ವೈರಸ್ಸನ್ನು ಕೂಡಲೇ ತಡೆಯುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಕೂಡ ಬೇಕು. ಆ ನಾಲ್ಕು ತಾರೀಖುಗಳನ್ನು ಅವರ ಕಾರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ.

ದಿನವೂ ಕುಡಿಯುವವರೊಬ್ಬರು ಒಂದು ದಿನ ಕುಡಿಯದೆ ಬಂದು, ಕೈ ನಡುಗುತ್ತ, ಬೆವರುತ್ತ ನಿದ್ದೆಯ ಮಾತ್ರೆ ಕೇಳಿದರೆ ಅದನ್ನು ಚಟವೆಂದು ತಳ್ಳಿಹಾಕಬೇಡಿ, ಆಲ್ಪ್ರಜೋಲಾಮ್ ಕೊಟ್ಟು ಕಳಿಸಲೂ ಬೇಡಿ. ಮದ್ಯ ತಟಕ್ಕನೆ ನಿಂತಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿಯಬಹುದು, ಚಿಕಿತ್ಸೆಯಿಲ್ಲದೆ ಸಾಯಲೂಬಹುದು. ಅದು ಆಸ್ಪತ್ರೆಯ ಕೆಲಸ, 108ಕ್ಕೆ ಕರೆ ಮಾಡಿ. ತುರ್ತು ಚಿಕಿತ್ಸೆಯನ್ನು ಯಾವ ಆಸ್ಪತ್ರೆಯೂ, ಖಾಸಗಿಯಾದರೂ ಸರಿ, ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮಾನಸಿಕ ಕಾಯಿಲೆಯಿಂದ ಅಲೆಯುವವರ ಬಗ್ಗೆ ನೀವು ಕೇಳಿಲ್ಲ, ಆದರೆ ಕಲಾಸಿಪಾಳ್ಯದಲ್ಲಿ ಅಂಥವರನ್ನು ಕಾಣದೆ ಇರುವುದು ಸಾಧ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ವಸತಿರಹಿತರಿಗೆ ಮತ್ತು ನಿರ್ಗತಿಕರಿಗೆ ಮಾನಸಿಕ ಚಿಕಿತ್ಸೆ ಉಚಿತವಾಗಿ ಸಿಗಬೇಕು, ಬಡತನ ರೇಖೆಗಿಂತ ಕೆಳಗಿನವರ ಬಳಿ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಕೊಡಬೇಕು. ಅದೇ ಕಾಯ್ದೆಯ 100ನೇ ಸೆಕ್ಷನ್ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಹೊಣೆಯನ್ನು ಪೊಲೀಸರಿಗೆ ವಹಿಸಿದೆ. ದಿನವೂ ಮಾತ್ರೆ ನುಂಗುವುದು ಅಸಾಧ್ಯವಾದ ಕೆಲವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜಿನ್‌ನಂಥ ಇಂಜೆಕ್ಷನ್ ಒಳ್ಳೆಯ ದಾರಿ. ಸಲಹೆಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡುತ್ತಾರೆ.

ನೀವು ಒಬ್ಬರೇ ಇದನ್ನೆಲ್ಲ ಹೊರಬೇಕೆಂದು ನಾನು ಹೇಳುತ್ತಿಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ಜನ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಮನೆಯಿಲ್ಲದವರೆಂದು ದಾಖಲಾದರು, ರಾತ್ರಿ ಎಣಿಕೆಯವರ ಕಣ್ಣಿಗೆ ಬೀಳದವರು ಇನ್ನೆಷ್ಟೋ. ನಗರದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಂಥ ಒಂದು ಆಶ್ರಯ ಕೇಂದ್ರ ಇರಬೇಕೆಂಬುದು 2024ರಲ್ಲಿ ಮುಗಿದ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆಯ ಮಾನದಂಡವಾಗಿತ್ತು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ವಿಶೇಷ ಕೇಂದ್ರಗಳನ್ನು ತೆರೆಯಲೂ ಅದರಲ್ಲಿ ಅವಕಾಶವಿತ್ತು. ಹೊಲಿಗೆ ಹಾಕಿದ ಗಾಯದೊಂದಿಗೆ ಆಸ್ಪತ್ರೆಯಿಂದ ನೇರವಾಗಿ ಫುಟ್‌ಪಾತಿಗೆ ಹೋಗುವವರನ್ನು ಕಂಡಾಗೆಲ್ಲ, ಈ ಒಂದು ಅವಕಾಶವನ್ನಾದರೂ ಪೂರ್ತಿಯಾಗಿ ಬಳಸಿದ್ದರೆ ಎಷ್ಟು ಕಾಲುಗಳು ಉಳಿಯುತ್ತಿದ್ದವೋ ಎಂದು ನನಗೆ ಅನಿಸುತ್ತದೆ. ನಿಮ್ಮ ಸುತ್ತಮುತ್ತಲಿನ ಆಶ್ರಯ ಕೇಂದ್ರ ಎಲ್ಲಿದೆಯೆಂದು ಪಾಲಿಕೆಯಲ್ಲಿ ವಿಚಾರಿಸಿ ಅದರ ವಿಳಾಸವನ್ನು ಕೌಂಟರಿನ ಮೇಲೆ ಅಂಟಿಸಿ. 2022ರ ಡಿಸೆಂಬರಿನಲ್ಲಿ ಆರಂಭವಾದ, 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ತಪಾಸಣೆಯೂ ಔಷಧವೂ ಉಚಿತ, ಆದರೆ ಅವು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ, ಕೂಲಿಯವರು ದುಡಿಯುವ ವೇಳೆಯಲ್ಲೇ, ತೆರೆದಿರುತ್ತವೆ. ನಿಮ್ಮ ಅಂಗಡಿಗೆ ರಾತ್ರಿ ಎಂಟರ ಮೇಲೆ ಅಷ್ಟು ಜನ ಬರುವುದಕ್ಕೆ ಇದೂ ಒಂದು ಕಾರಣ. ಒಂದು ಎಚ್ಚರಿಕೆ: ಕರುಣೆಯಿಂದ ಯಾರಾದರೂ ಮನೆಗಳಲ್ಲಿ ಉಳಿದ ಮಾತ್ರೆಗಳನ್ನು ಸಂಗ್ರಹಿಸಿ ತಂದುಕೊಟ್ಟರೆ ಅವನ್ನು ಹಂಚಬೇಡಿ. ಒಮ್ಮೆ ರೋಗಿಯ ಕೈಸೇರಿ ಹಿಂದಿರುಗಿದ ಔಷಧವನ್ನು ದಾನ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಬಡವರ ದೇಹಕ್ಕೆ ಕಡಿಮೆ ಗುಣಮಟ್ಟ ಸಾಕೆಂಬ ಭಾವನೆ ಅಂಥ ಹಂಚಿಕೆಯ ಹಿಂದೆ ಅಡಗಿರುತ್ತದೆ.

ಈಗ ಆ ಹಮಾಲಿಯ ಇನ್ಸುಲಿನ್. ಅವನನ್ನು ಹುಡುಕಿ ಕರೆದು, ಇಟ್ಟುಕೊಳ್ಳುತ್ತೇನೆಂದು ಹೇಳಿ. ನಿಮ್ಮ ಭಯಕ್ಕೆ ಕಾರಣವಿಲ್ಲದೆ ಇಲ್ಲ, ಏಕೆಂದರೆ ರೋಗಿಯ ಔಷಧ ಮಾರಾಟದ ದಾಸ್ತಾನಿನೊಂದಿಗೆ ಬೆರೆತರೆ ಅದು ನಿಜಕ್ಕೂ ತಪ್ಪಾಗುತ್ತದೆ. ಆದ್ದರಿಂದ ಮುಚ್ಚಳವಿರುವ ಒಂದು ಬೇರೆ ಡಬ್ಬಿ ಇಟ್ಟು, ಅದರ ಮೇಲೆ 'ಮಾರಾಟಕ್ಕಲ್ಲ, ರೋಗಿಯ ಸ್ವಂತದ್ದು' ಎಂದು ಬರೆದು, ಒಳಗೆ ಚೀಟಿಯ ಮತ್ತು ಬಿಲ್ಲಿನ ಪ್ರತಿಯನ್ನು ಇಡಿ. ನಿಮ್ಮ ಔಷಧ ನಿರೀಕ್ಷಕರಿಗೆ ಮೊದಲೇ ಒಂದು ಪತ್ರ ಬರೆದು ತಿಳಿಸಿ, ಅವರ ಒಪ್ಪಿಗೆಯನ್ನು ಲಿಖಿತವಾಗಿ ಕೇಳಿ. ತೆರೆಯದ ಬಾಟಲಿಗಳು ಎರಡರಿಂದ ಎಂಟು ಡಿಗ್ರಿಯಲ್ಲಿರಬೇಕು, ಫ್ರೀಜರಿಗೆ ತಗಲಬಾರದು. ತೆರೆದ ಬಾಟಲಿ ನೆರಳಿನಲ್ಲಿ, ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ, ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಬಾಟಲಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕಾದ ದಿನಗಳಿಗೆ ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆ ಸಾಕು. ಬಾಟಲಿಯ ಮೇಲೆ 40 (ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್) ಎಂದಿದ್ದರೆ ಕೆಂಪು ಮುಚ್ಚಳದ 40ರ ಸಿರಿಂಜನ್ನೇ ಕೊಡಿ. 100ರ ಸಿರಿಂಜಿನಲ್ಲಿ ಅದೇ ಗುರುತಿನವರೆಗೆ ಎಳೆದರೆ ಅರ್ಧಕ್ಕೂ ಕಡಿಮೆ ಔಷಧ ಹೋಗುತ್ತದೆ. ಅದು ಬೇಗ ಕೆಲಸ ಮಾಡುವುದನ್ನೂ ನಿಧಾನವಾಗಿ ಕೆಲಸ ಮಾಡುವುದನ್ನೂ ಬೆರೆಸಿದ 30/70 ಇನ್ಸುಲಿನ್ ಆಗಿದ್ದರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂಬುದು ಪುಸ್ತಕದ ಮಾತು, ಆದರೆ ಚುಚ್ಚಿಕೊಂಡ ಮೇಲೆ ಊಟ ಸಿಗದಿದ್ದರೆ ಸಕ್ಕರೆ ಕುಸಿದು ಅವನು ಮೂಟೆಯ ಕೆಳಗೇ ಬಿದ್ದಾನು. ಅವನು ಬೆಳಗ್ಗೆ ಮತ್ತು ರಾತ್ರಿ ಎಲ್ಲಿ ತಿನ್ನುತ್ತಾನೆಂದು ಕೇಳಿ. ಇಂದಿರಾ ಕ್ಯಾಂಟೀನ್ ಎಂದರೆ, ಟೋಕನ್ ಕೈಗೆ ಬಂದ ಮೇಲೆಯೇ ಚುಚ್ಚಿಕೊಳ್ಳುವುದು ಸರಿಯೇ ಎಂದು ಅವನ ವೈದ್ಯರನ್ನು ನೀವೇ ಫೋನಿನಲ್ಲಿ ಕೇಳಿ ಕಾರ್ಡಿನಲ್ಲಿ ಬರೆಯಿರಿ. ಕಾರ್ಡಿನ ಜೊತೆ ಅದೇ ಜಿಪ್ ಕವರಿನಲ್ಲಿ ಒಂದು ಹಿಡಿ ಸಕ್ಕರೆಯನ್ನೂ ಕಟ್ಟಿಕೊಡಿ, ತಲೆ ಸುತ್ತಿ ಕೈ ನಡುಗಿದರೆ ಕೆಲಸ ಮುಗಿಯಲೆಂದು ಕಾಯದೆ ಮೊದಲು ಅದನ್ನು ಬಾಯಿಗೆ ಹಾಕಿಕೊಳ್ಳಬೇಕೆಂದು ಹೇಳಿ. ನೀವು ಭಾನುವಾರ ಅಂಗಡಿ ಮುಚ್ಚುವುದಾದರೆ ಶನಿವಾರ ರಾತ್ರಿಯೇ ಬಾಟಲಿಯನ್ನು ಅವನ ಕೈಗೆ ಕೊಡಬೇಕು, ಆ ಕುಡಿಕೆ ಬೇಕಾಗುವುದು ಆಗಲೇ.